ಯಾವ ಮರದ ಪೀಪಿ

ಮಾರ್ಚ್ ೩, ೧೯೭೯

ಅಣ್ಣನಿಗೆ,

ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ನೀನು, ನಿನ್ನ ಮಗಳು, ಮೊಮ್ಮಗಳು ಚೂಟಿ ಎಲ್ಲರೂ ಹಾಗೇ ಇದ್ದೀರೆಂದು ನಂಬಿದ್ದೇನೆ. ಚೂಟಿಗೆ ಮುಂದಿನ ಹಲ್ಲು ಬಿದ್ದವೇ? ಬಿದ್ದಿದ್ದರೆ ಈ ಪೊಟ್ಟಣದಲ್ಲಿರುವುದನ್ನು ಊದಲು ಅವಳಿಗೆ ಕಷ್ಟವಾದೀತು.

ಒಂದು ಪೀಪಿ ಕಳಿಸಿದ್ದೇನೆ. ಬೆರಳುದ್ದದ್ದು, ಮರದ್ದು. ಇಲ್ಲಿನ ಶಾಲೆಯವರು ಮಕ್ಕಳನ್ನು ಕಾಡು ನೋಡಲು ಕರೆದುಕೊಂಡು ಹೋಗುತ್ತಾರೆ. ಯಾರಾದರೂ ದಾರಿ ತಪ್ಪಿದರೆ ಊದಲಿ ಎಂದು ಪ್ರತಿ ಮಗುವಿನ ಕೊರಳಿಗೂ ಒಂದೊಂದು ಪೀಪಿ ಕಟ್ಟಬೇಕಂತೆ. ಹೆಡ್‌ಮಿಸ್ ಖುದ್ದು ಮನೆಗೆ ಬಂದು, "ತಗಡಿನದ್ದು ಬೇಡಮ್ಮ, ಕಿವಿ ಸೀಳುತ್ತೆ. ನಿಮ್ಮ ಯಜಮಾನರದ್ದು ಹಕ್ಕಿ ಕೂಗಿದ ಹಾಗಿರುತ್ತೆ" ಎಂದು ಹೇಳಿಹೋದರು. ಹಾಗಾಗಿ ಮನೆ ತುಂಬ ಮರದ ಹೊಟ್ಟು. ಗುಡಿಸಿದಷ್ಟೂ ಬರುತ್ತದೆ.

ನಿನ್ನ ಗಾಜಿನ ಬೀರುವಿನಲ್ಲಿ ಇಡುವಂಥ ದೊಡ್ಡ ಪದಾರ್ಥವಲ್ಲ ಇದು. ಆದರೂ ನಿನ್ನ ಸಂಗ್ರಹದಲ್ಲಿ ಕೊಳಲುಗಳೇ ಜಾಸ್ತಿಯಾಗಿ ಪೀಪಿಗಳು ಬಡವಾಗಿವೆ ಎಂದು ಹೋದ ವರ್ಷ ಗೊಣಗಿದ್ದೆಯಲ್ಲ, ಅದಕ್ಕೆ. ಇವರಿಗೆ ಪುರುಸೊತ್ತಿಲ್ಲ, ನಾನೇ ಕಟ್ಟಿ ಕಳಿಸುತ್ತಿದ್ದೇನೆ.

ನಿನ್ನ ತಂಗಿ


ಮಾರ್ಚ್ ೧೩

ತಂಗಿಗೆ,

ಪೊಟ್ಟಣ ಬಂತು. ಅಂಗಡಿಯಲ್ಲಿ ಗಿರಾಕಿಯೊಬ್ಬರು ಕನ್ನಡಕದ ಕಿವಿಕಡ್ಡಿ ಬಿಗಿಯೆಂದು ದೂರುತ್ತ ನಿಂತಿದ್ದರು. ಅವರನ್ನು ನಿಲ್ಲಿಸಿಯೇ ಬಿಚ್ಚಿದೆ. ಅವರು ದೂರುವುದನ್ನು ಬಿಟ್ಟು ನನ್ನನ್ನೇ ನೋಡುತ್ತ ನಿಂತರು. ಅರವತ್ತು ದಾಟಿದ ಮುದುಕ ಪೀಪಿ ಊದಿದರೆ ಯಾರು ತಾನೇ ನೋಡುವುದಿಲ್ಲ.

ದನಿ ಚೆನ್ನಾಗಿದೆ. ಮೊದಲ ಉಸಿರಿಗೇ ಏಳುತ್ತದೆ, ಉಗುಳು ಸೇರಿದ ಮೇಲೂ ಮಂಕಾಗುವುದಿಲ್ಲ. ಸಂಜೆ ಮಹಡಿಗೆ ಒಯ್ದು ಭೂತಗನ್ನಡಿಯಡಿ ಇಟ್ಟು ನೋಡಿದೆ. ನನ್ನ ಚಟ ನಿನಗೆ ಗೊತ್ತಲ್ಲ. ನುಣ್ಣಗೆ ಹೊಳೆಯುವ ಕೊಳಲು ನನಗೆ ಬೇಡ. ಮಾಡಿದವರ ಕೈ, ಊದಿದವರ ಹಲ್ಲು ಎರಡೂ ಅದರಲ್ಲಿ ಕಾಣಬೇಕು. ಈ ಪೀಪಿಯಲ್ಲಿ ನನಗೆ ಒಂದು ಸಂಗತಿ ಅರ್ಥವಾಗಲಿಲ್ಲ. ಬಾಯಿಯೊಳಗೆ ಗಾಳಿ ಸೀಳಲು ಕೂರಿಸುವ ಬೆಣೆಯಿದೆಯಲ್ಲ, ಅದನ್ನು ಎರಡು ಸಲ ತಿದ್ದಿದ್ದಾರೆ. ಭಾವ ಎರಡನೇ ಸಲ ತಿದ್ದುವವರಲ್ಲ. ಮೊದಲ ಏಟಿಗೆ ಕೂರದಿದ್ದರೆ ಬಿಸಾಕುವವರು. ಉಳಿಯ ಗೆರೆಯೂ ಈ ಸಲ ಎಡಕ್ಕೆ ವಾಲಿದೆ. ಹೊಸ ಉಳಿಯೋ, ಅಥವಾ ವಯಸ್ಸೋ? ಅವರಿಗೂ ಚಾಳೀಸು ಬಂದಿದ್ದರೆ ಹೇಳು, ಕನ್ನಡಕ ಕಳಿಸುತ್ತೇನೆ.

ಮರವೂ ಬಿಳಿಚಿಕೊಂಡಿದೆ, ಕೈಗೆ ಹಗುರ. ಯಾವ ಮರ ಇದು? ಬೀರುವಿನ ಚೀಟಿಯಲ್ಲಿ ಬರೆಯಬೇಕು.

ಆದರೆ ಬೀರುವಿಗೆ ಅದು ಸೇರುವ ಲಕ್ಷಣ ಕಾಣುತ್ತಿಲ್ಲ. ಚೂಟಿ ಅದಕ್ಕೆ ಕೆಂಪು ದಾರ ಕಟ್ಟಿ ಕೊರಳಿಗೆ ಹಾಕಿಕೊಂಡುಬಿಟ್ಟಿದ್ದಾಳೆ. ಊದದಿರುವಾಗ ಜಗಿಯುತ್ತಾಳೆ. "ಅಪ್ಪಾ, ಮನೇಲಿ ರೈಲು ಓಡಿಸ್ತಿದ್ದೀರಾ?" ಎಂದು ನನ್ನ ಮಗಳು ಕೇಳುತ್ತಾಳೆ. ಓಡಲಿ ಬಿಡು.

ಅಣ್ಣ


ಮಾರ್ಚ್ ೨೧

ಅಣ್ಣನಿಗೆ,

ನಿನ್ನ ಭೂತಗನ್ನಡಿಗೆ ನಮಸ್ಕಾರ. ನೆಂಟಸ್ತಿಕೆಯ ನಡುವೆಯೂ ಅದು ಹುಳುಕು ಹುಡುಕದೆ ಬಿಡುವುದಿಲ್ಲ.

ಉಳಿ ಹಳೆಯದೇ. ಕೈಯೂ ಹಳೆಯದೇ. ಮರ ಇವರು ಯಾವಾಗಲೂ ಬಳಸುವ ಸೀಬೆ ಮರವೇ. ಈ ಸಲ ಎಳೆಯ ಕೊಂಬೆ, ಅದಕ್ಕೇ ಬಣ್ಣ ತೆಳು. ಚೀಟಿಯಲ್ಲಿ ಹಾಗೇ ಬರೆದುಕೊ.

ನೀನು ತಮಾಷೆಗೆ ಬರೆದೆ ಎಂದು ಗೊತ್ತು. ಆದರೆ ನನ್ನ ಮದುವೆಯ ಮಾತುಕತೆಯಲ್ಲಿ ನೀನು, "ಮರ ಕೆತ್ತೋನ ಕೈ ನಂಬ್ಕೊಂಡು ಬದುಕಕ್ಕಾಗುತ್ತಾ, ಆ ಕೈ ಒಂದಿನ ನಿಂತರೆ?" ಎಂದದ್ದು ನನಗೆ ಮರೆತಿಲ್ಲ. ಆ ಕೈ ಇವತ್ತಿನವರೆಗೆ ನನ್ನನ್ನು ಸಾಕಿದೆ. ಅದರ ಗೆರೆ ಎಡಕ್ಕೆ ವಾಲಿದರೆ ವಾಲಲಿ.

ಇಲ್ಲಿ ಬಿಸಿಲು ಏರಿದೆ. ಒಂದೊಂದು ಪೀಪಿಯನ್ನೂ ಊದಿ ನೋಡುವ ಕೆಲಸ ನನ್ನದು. ಊದೀ ಊದೀ ತಲೆ ಸುತ್ತಿ ಬರುತ್ತದೆ, ಹೊಟ್ಟೆ ತೊಳಸುತ್ತದೆ. ಬಿಸಿಲಿನದೇ ಇರಬೇಕು. ಉಳಿದಂತೆ ಎಲ್ಲ ಚೆನ್ನಾಗಿದೆ.

ತಂಗಿ


ಏಪ್ರಿಲ್ ೧

ತಂಗಿಗೆ,

ನಿನಗೆ ನೋವು ಮಾಡುವ ಉದ್ದೇಶ ಇರಲಿಲ್ಲ. ಆ ಹಳೆಯ ಮಾತನ್ನು ನಾನು ಯಾವತ್ತೋ ನುಂಗಿದ್ದೇನೆ. ನೀನೂ ನುಂಗು.

ಒಂದೆರಡು ವಿಷಯ ಕೇಳಬೇಕು. ಇದು ಬರೀ ಚೀಟಿಗಾಗಿ, ಬೇರೆ ಅರ್ಥ ಹಚ್ಚಬೇಡ. ಭಾವ ಪೀಪಿಗೆ ಮೆರುಗೆಣ್ಣೆ ಹಚ್ಚುತ್ತಾರಾ? ಬಣ್ಣ? ಬೆಣೆ ಅಂಟಿಸಲು ಏನಾದರೂ ಗೋಂದು? ಹುಳು ಹಿಡಿಯದಿರಲಿ ಎಂದು ಮರವನ್ನು ಯಾವುದಾದರೂ ಔಷಧಿಯಲ್ಲಿ ನೆನೆಸುವುದುಂಟಾ? ಸೀಬೆ ಮರವೇ ಎಂಬುದು ಖಚಿತವೇ? ಭಾವನನ್ನೇ ಕೇಳಿ ಬರೆ, ನೀನು ಅಂದಾಜಿನಲ್ಲಿ ಬರೆಯಬೇಡ. ಆದಷ್ಟು ಬೇಗ ಬರೆ.

ಚೂಟಿಗೆ ಹೊಟ್ಟೆ ಸ್ವಲ್ಪ ಕೆಟ್ಟಿತ್ತು. ಈಗ ಪರವಾಗಿಲ್ಲ. ಪೀಪಿಯನ್ನು ಸದ್ಯಕ್ಕೆ ತೆಗೆದಿಟ್ಟಿದ್ದೇನೆ, ಗಲಾಟೆ ಜಾಸ್ತಿಯಾಯಿತು ಎಂದು. ಹುಡುಗಿಗೆ ಕಲ್ಪನೆ ವಿಪರೀತ. "ಅಜ್ಜಾ, ದೀಪದ ಸುತ್ತ ಹಳದಿ ಬಳೆ ಇದೆ" ಅನ್ನುತ್ತಾಳೆ, ಬಿಳಿ ಗೋಡೆಯನ್ನೂ ಹಳದಿ ಅನ್ನುತ್ತಾಳೆ. ಅಂಗಡಿಯ ಕುರ್ಚಿಯಲ್ಲಿ ಕೂರಿಸಿ ಎರಡೂ ಕಣ್ಣು ಪರೀಕ್ಷೆ ಮಾಡಿದೆ. ಹದ್ದಿನ ಕಣ್ಣು, ಒಂದು ಅಕ್ಷರ ತಪ್ಪಲಿಲ್ಲ. ಕಣ್ಣು ನನ್ನ ಕಸುಬು, ಅದಕ್ಕೆ ಯಾರನ್ನೂ ಕೇಳಬೇಕಿಲ್ಲ.

ಉತ್ತರ ಬೇಗ ಬರೆ.

ಅಣ್ಣ


ಏಪ್ರಿಲ್ ೯

ಅಣ್ಣ,

ಪೊಲೀಸರು ಕೇಳುವ ಹಾಗೆ ಕೇಳಿದ್ದೀಯ. ಹೇಳುತ್ತೇನೆ, ಬರೆದುಕೊ. ಮೆರುಗೆಣ್ಣೆ ಇಲ್ಲ. ಬಣ್ಣ ಇಲ್ಲ. ಗೋಂದಿಲ್ಲ, ಬೆಣೆ ಬಿಗಿಯಾಗಿಯೇ ಕೂರುತ್ತದೆ. ಔಷಧಿಯಲ್ಲಿ ನೆನೆಸಿಲ್ಲ. ಉಪ್ಪುಕಾಗದದಲ್ಲಿ ಉಜ್ಜಿ, ಅಡುಗೆಮನೆಯ ಎಣ್ಣೆಯನ್ನೇ ಬಟ್ಟೆಯಲ್ಲಿ ಅದ್ದಿ ಒರೆಸುವುದು, ಅಷ್ಟೇ. ಮರ ಸೀಬೆ. ನನ್ನಾಣೆಗೂ ಸೀಬೆ. ಇವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಇಷ್ಟಾಗಿಯೂ ನಂಬಿಕೆ ಬರದಿದ್ದರೆ ಪೀಪಿಯನ್ನು ವಾಪಸು ಕಳಿಸು, ನಮ್ಮ ಮನೆಯಲ್ಲಿ ಅದಕ್ಕೆ ಜಾಗವಿದೆ.

ಇವರಿಗೆ ಇತ್ತೀಚೆಗೆ ಸಿಟ್ಟು ಹೆಚ್ಚು. ಮೊನ್ನೆ ನಾನು ಊದಿ ನೋಡುತ್ತಿದ್ದ ಪೀಪಿಯನ್ನು ಕೈಯಿಂದ ಹೊಡೆದು ಬೀಳಿಸಿದರು. ಆಮೇಲೆ ತಯಾರಾದ ತಟ್ಟೆಯನ್ನೇ ಮೇಜಿನಿಂದ ಕೆಳಗೆ ತಳ್ಳಿಬಿಟ್ಟರು. ಕೆಲಸಗಾರರ ಸಿಟ್ಟು ಅಂದರೆ ಹೀಗೇ, ತಮ್ಮ ಮನಸ್ಸಿಗೆ ಬಾರದ್ದನ್ನು ಕಣ್ಣೆದುರು ಇರಗೊಡುವುದಿಲ್ಲ. ನಾನು ಒಂದೊಂದನ್ನೇ ಹೆಕ್ಕಿ, ಒರೆಸಿ, ಅಡುಗೆಮನೆಯ ಅಟ್ಟದ ಮೇಲಿಟ್ಟೆ. ಮುಂದಿನ ವಾರದ ಕೊನೆಗೆ ಶಾಲೆಗೆ ಕೊಡಬೇಕು. ಕೊಟ್ಟ ಮಾತು.

ಚೂಟಿಗೆ ಹೊಟ್ಟೆ ಸರಿಯಾಯಿತೇ? ಮಗುವಿನ ಆಟದ ಸಾಮಾನು ಕಸಿದುಕೊಳ್ಳುವ ಅಜ್ಜನನ್ನು ನಾನು ಎಲ್ಲೂ ಕಂಡಿಲ್ಲ.

ತಂಗಿ


ಏಪ್ರಿಲ್ ೧೬

ಪ್ರೀತಿಯ ತಂಗಿಗೆ,

ನಿನ್ನ ಪತ್ರ ಓದಿ ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಬೈದದ್ದಕ್ಕೂ ಸಂತೋಷ. ಈಗ ಹೇಳಬಹುದು. ನಿನಗೆ ಗಾಬರಿಯಾಗದಿರಲಿ ಎಂದು ಇಲ್ಲಿಯವರೆಗೆ ಮುಚ್ಚಿಟ್ಟಿದ್ದೆ.

ಚೂಟಿಯನ್ನು ಆಸ್ಪತ್ರೆಗೆ ಸೇರಿಸಿದ್ದೆವು. ಬರೀ ಹೊಟ್ಟೆ ಕೆಟ್ಟದ್ದಲ್ಲ. ವಾಂತಿ ನಿಲ್ಲಲೇ ಇಲ್ಲ, ನಾಡಿ ನಿಧಾನವಾಗಿ, ನಡುನಡುವೆ ತಪ್ಪುತ್ತಿತ್ತು. ಡಾಕ್ಟರಮ್ಮ ನನ್ನನ್ನೂ ಮಗಳನ್ನೂ ಕೂರಿಸಿ, "ಮಗು ಬಾಯಿಗೆ ಏನೇನು ಹಾಕ್ಕೊಳ್ಳುತ್ತೆ, ಎಲ್ಲಾ ಹೇಳಿ" ಅಂದರು. ನಾನು ಪೀಪಿಯ ಮಾತು ಎತ್ತಿದೆ. ಬಣ್ಣವೋ ಮೆರುಗೋ ಇದ್ದರೆ ವಿಷವಾಗಬಹುದು, ಕೇಳಿ ತಿಳಿದುಕೊಳ್ಳಿ ಎಂದರು. ಅದಕ್ಕೇ ಹಾಗೆ ಕೊರೆದೆ. ಭಾವನ ಕೈಕೆಲಸದ ಮೇಲೆ ಅನುಮಾನ ಪಟ್ಟೆನಲ್ಲ ಎಂದು ಈಗ ನಾಚಿಕೆಯಾಗುತ್ತಿದೆ.

ನಿನ್ನ ಪತ್ರವನ್ನು ಡಾಕ್ಟರಮ್ಮನಿಗೆ ಓದಿ ಹೇಳಿದೆ. "ಸೀಬೆ ಮರ, ಅಡುಗೆ ಎಣ್ಣೆ ಅಂದ್ರೆ ಭಯ ಇಲ್ಲ. ನೀರಿಂದಲೋ ಊಟದಿಂದಲೋ ಬಂದಿರಬೇಕು" ಎಂದರು. ಅವಳು ಈಗ ಎದ್ದು ಕೂರುತ್ತಾಳೆ, ನಾಳಿದ್ದು ಮನೆಗೆ ಕಳಿಸುತ್ತಾರೆ. ಸೂಜಿ ಚುಚ್ಚಿಸಿಕೊಳ್ಳುವಾಗಲೂ ಅಳದವಳು ಪೀಪಿಗಾಗಿ ಅತ್ತಳು. ನಿನ್ನ ಪತ್ರ ಬಂದ ಕೂಡಲೇ ಮನೆಗೆ ಹೋಗಿ ತಂದು ಕೊಟ್ಟೆ. ದಿಂಬಿನ ಕೆಳಗಿಟ್ಟುಕೊಂಡಿದ್ದಾಳೆ. ನರ್ಸುಗಳು ಆಚೆ ಹೋದ ಕೂಡಲೇ ಮೆಲ್ಲಗೆ ಊದುತ್ತಾಳೆ.

ನಿನ್ನ ಆಣೆಗೆ ಇಷ್ಟು ಬೆಲೆ ಇದೆ ನೋಡು.

ಅಣ್ಣ


ತಂತಿ
ಏಪ್ರಿಲ್ ೨೩

ಪೀಪಿ ಕೂಡಲೇ ಕಸಿದುಕೊ. ಸೀಬೆ ಅಲ್ಲ. ಕಣಗಿಲೆ. ಡಾಕ್ಟರಿಗೆ ಈಗಲೇ ಹೇಳು ಕಣಗಿಲೆ ಮರ. ತಂಗಿ.


ಏಪ್ರಿಲ್ ೨೩, ಸಂಜೆ

ಅಣ್ಣ,

ತಂತಿ ನಿನಗೆ ಸೇರಿತೋ ಇಲ್ಲವೋ ತಿಳಿಯದು. ಅಂಚೆಕಚೇರಿಯಿಂದ ಶಾಲೆಗೆ ಓಡಿ, ಈಗ ಮನೆಗೆ ಬಂದು ಕೂತಿದ್ದೇನೆ. ಅಕ್ಷರ ಕೆಟ್ಟಿದ್ದರೆ ಹೇಗಾದರೂ ಓದಿಕೊ.

ಆ ಪೀಪಿಯನ್ನು ಇವರು ಮಾಡಲಿಲ್ಲ. ನಾನು ಮಾಡಿದೆ.

ಚಳಿಗಾಲದಲ್ಲಿ ಇವರು ಮರ ಕಡೆಯುವ ಯಂತ್ರದ ಮುಂದೆಯೇ ಕುಸಿದುಬಿದ್ದರು. ಪಾರ್ಶ್ವವಾಯು. ಬಲಗಡೆ ಪೂರ್ತಿ ಹೋಗಿದೆ, ಮಾತು ನಿಂತಿದೆ. ನಿನಗೆ ಬರೆಯಲಿಲ್ಲ. ಬರೆದಿದ್ದರೆ ನೀನು ಮೊದಲ ಬಸ್ಸಿಗೇ ಬಂದು, ಗಂಟುಮೂಟೆ ಕಟ್ಟಿಸಿ, ನಮ್ಮಿಬ್ಬರನ್ನೂ ನಿನ್ನ ಮಹಡಿಗೆ ಸಾಗಿಸುತ್ತಿದ್ದೆ. ಬಾಯಿಬಿಟ್ಟು ಏನೂ ಅನ್ನುತ್ತಿರಲಿಲ್ಲ. ಆದರೆ ನಾನಾಗಲೇ ಹೇಳಿದ್ದೆನಲ್ಲ ಅನ್ನುವ ನಿನ್ನ ಮುಖವನ್ನು ದಿನಾ ಬೆಳಗಾದರೆ ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಶಾಲೆಯ ಕೆಲಸ ಬಂದಾಗ, ಇವರ ಸ್ಥಿತಿಯನ್ನು ಹೆಡ್‌ಮಿಸ್‌ಗೂ ಹೇಳದೆ ಒಪ್ಪಿಕೊಂಡೆ. ಇಷ್ಟು ವರ್ಷ ಪಕ್ಕದಲ್ಲಿ ಕೂತು ನೋಡಿದವಳಿಗೆ ಉಳಿ ಹಿಡಿಯಲು ಬಾರದೇ ಎಂದುಕೊಂಡೆ. ಇವರು ಒಣಗಿಸಿಟ್ಟಿದ್ದ ಸೀಬೆ ನಾನು ಕಲಿಯುವುದರಲ್ಲೇ ಹಾಳಾಗಿ ಮುಗಿದುಹೋಯಿತು. ಹಿತ್ತಿಲ ಬೇಲಿಯಲ್ಲಿ ಕಣಗಿಲೆ ಸಾಲಾಗಿ ಬೆಳೆದಿದೆ. ನೆಟ್ಟಗಿನ ಕೊಂಬೆ, ಒಳಗೆ ಮೆತ್ತನೆಯ ತಿರುಳು, ಕಡ್ಡಿ ತೂರಿಸಿದರೆ ಕೊಳವೆಯೇ ಸಿಕ್ಕ ಹಾಗೆ. ಅದರ ಹಾಲು ವಿಷವೆಂದು ನನಗೆ ಗೊತ್ತಿರಲಿಲ್ಲವೆಂದು ಬರೆದರೆ ಅದು ಇನ್ನೊಂದು ಸುಳ್ಳು. ಗೊತ್ತಿತ್ತು. ಹಾಲು ಒಣಗಿದ ಮೇಲೆ ವಿಷವೂ ಒಣಗುತ್ತದೆ ಎಂದು ನಂಬಿದೆ. ನಂಬುವುದು ನನಗೆ ಬೇಕಾಗಿತ್ತು.

ಇವರಿಗೆ ಮೊದಲ ದಿನವೇ ವಾಸನೆಯಲ್ಲಿ ತಿಳಿದಿತ್ತು. ಎಡಗೈಯಿಂದ ಬೀಳಿಸಿದರು, ತಟ್ಟೆ ತಳ್ಳಿದರು, "ಕ... ಕ..." ಎಂದು ಒದ್ದಾಡಿದರು. ತನ್ನ ಜಾಗದಲ್ಲಿ ಹೆಂಡತಿ ಕೂತದ್ದನ್ನು ಕಂಡು ಸಂಕಟಪಡುತ್ತಿದ್ದಾರೆ ಎಂದು ನಾನು ಅರ್ಥ ಮಾಡಿಕೊಂಡೆ. "ನೀವು ಹುಷಾರಾದ್ಮೇಲೆ ನೀವೇ ಮಾಡಿ, ಈಗ ಸುಮ್ನಿರಿ" ಎಂದು ಗದರಿದೆ ಕೂಡ. ನಿನಗೆ ಇವರನ್ನು ಕೇಳಿಯೇ ಬರೆಯುತ್ತಿದ್ದೇನೆ ಎಂದೆನಲ್ಲ, ಕೇಳಿರಲಿಲ್ಲ.

ಇವತ್ತು ನಿನ್ನ ಪತ್ರ ಬಂದಾಗ ಇವರಿಗೆ ಊಟ ಮಾಡಿಸುತ್ತಿದ್ದೆ. ಗಟ್ಟಿಯಾಗಿ ಓದಿದೆ. ತಂದು ಕೊಟ್ಟೆ ಎಂಬಲ್ಲಿಗೆ ಬರುವಷ್ಟರಲ್ಲಿ ತಟ್ಟೆ ಹಾರಿಹೋಯಿತು. ಇವರು ಕುರ್ಚಿಯಿಂದ ಕೆಳಗುರುಳಿ, ಒಂದು ಮೊಣಕೈ ಊರಿಕೊಂಡು ಹಿತ್ತಿಲ ಬಾಗಿಲವರೆಗೆ ತೆವಳಿದರು. ಬೇಲಿಯತ್ತ ಕೈ ತೋರಿಸಿದರು. ಆಮೇಲೆ ಬಾಯಿ ತೋರಿಸಿದರು. ಆಮೇಲೆ ಆ ಕೈಯನ್ನು ಕತ್ತಿನ ಮೇಲೆ ಅಡ್ಡ ಎಳೆದುಕೊಂಡರು. ನಾನು ಅವರನ್ನು ಎತ್ತಲೂ ನಿಲ್ಲಲಿಲ್ಲ. ಹೊಸ್ತಿಲಲ್ಲೇ ಬಿಟ್ಟು ಓಡಿದೆ.

ಶಾಲೆಗೆ ಪೀಪಿಗಳನ್ನು ಶನಿವಾರವೇ ಕೊಟ್ಟಾಗಿತ್ತು. ನಾಡಿದ್ದು ಮಕ್ಕಳು ಕಾಡಿಗೆ ಹೊರಡುವ ದಿನ. ಹೆಡ್‌ಮಿಸ್ ಮುಂದೆ ನಿಂತು ಹೇಳಿದೆ. ಅವರು "ಎಷ್ಟು ಮಕ್ಕಳು ಮನೆಗೆ ತಗೊಂಡು ಹೋಗಿದಾರೆ ಅಂತ ನನಗೇ ಗೊತ್ತಿಲ್ಲಮ್ಮ" ಅಂದರು. ಇದ್ದವನ್ನೆಲ್ಲ ಬಕೆಟ್ಟಿಗೆ ಹಾಕಿಸಿದೆವು. ಉಳಿದವಕ್ಕೆ ಮನೆ ಮನೆ ಸುತ್ತಬೇಕು. ಈಗ ಹೊರಡುತ್ತಿದ್ದೇನೆ.

ನೀನು ಈ ಪತ್ರ ಓದುವಾಗ ಚೂಟಿ ಹೇಗಿರುತ್ತಾಳೋ.

ತಂಗಿ


ಏಪ್ರಿಲ್ ೨೯

ಅಣ್ಣ,

ನಿನ್ನಿಂದ ಪತ್ರವಿಲ್ಲ, ತಂತಿಯಿಲ್ಲ. ಅಂಚೆಯವನು ಬರುವ ಹೊತ್ತಿಗೆ ಗೇಟಿನ ಹತ್ತಿರ ನಿಂತಿರುತ್ತೇನೆ. ಅವನು ದೂರದಿಂದಲೇ ತಲೆ ಆಡಿಸಿ ಹೋಗುತ್ತಾನೆ.

ಇಲ್ಲಿ ಎಲ್ಲ ಪೀಪಿಗಳೂ ಸಿಕ್ಕವು. ಕೆಲವು ಮಕ್ಕಳಿಗೆ ವಾಂತಿಯಾಗಿತ್ತು, ಯಾರನ್ನೂ ಆಸ್ಪತ್ರೆಯಲ್ಲಿ ಉಳಿಸಿಕೊಳ್ಳಲಿಲ್ಲ. ಕೊನೆಯದೊಂದು ಸಿಗದೆ ಜೀವ ಹೋಗಿ ಬಂತು. ಕಡೆಗೆ ಶಾಲೆಯ ಕಾವಲುಗಾರನ ಕೋಣೆಯಲ್ಲಿ ಸಿಕ್ಕಿತು. ಬಿದ್ದದ್ದನ್ನು ಎತ್ತಿಕೊಂಡು, ಬಡಿದುಕೊಳ್ಳುವ ಕಿಟಕಿಗೆ ಸಿಕ್ಕಿಸಿದ್ದ. "ಊದ್ಲಿಲ್ವಾ?" ಎಂದು ಹೆಡ್‌ಮಿಸ್ ಕೇಳಿದರೆ, "ನನಗೆ ಹಲ್ಲೆಲ್ಲಿದೆ ತಾಯಿ" ಅಂದ. ಅಷ್ಟು ಜನರ ನಡುವೆ ನಾನೊಬ್ಬಳೇ ನಕ್ಕೆ, ಆಮೇಲೆ ಆ ನಗು ನಿಲ್ಲಲಿಲ್ಲ, ಹೆಡ್‌ಮಿಸ್ ನನ್ನನ್ನು ಹಿಡಿದು ಕೂರಿಸಿದರು.

ಒಬ್ಬ ತಾಯಿ ಬಾಗಿಲಲ್ಲೇ ನನ್ನ ಕೆನ್ನೆಗೆ ಹೊಡೆದಳು. ಹೊಡೆದು ಅವಳೇ ಅತ್ತಳು. ನನಗೆ ಅದರಿಂದ ಹಗುರವಾಯಿತು ಎಂದರೆ ನೀನು ನಂಬುವುದಿಲ್ಲ.

ಏನಿದ್ದರೂ ಬರೆ ಅಣ್ಣ. ಏನಿದ್ದರೂ.

ತಂಗಿ


ಮೇ ೨

ಚೂಟಿ ಬದುಕಿದ್ದಾಳೆ. ಮೊದಲು ಅದನ್ನು ಓದಿಕೊ.

ಮನೆಗೆ ಬಂದ ಮೇಲೆ ಚೆನ್ನಾಗಿಯೇ ಇದ್ದಳು. ಪೀಪಿ ಕೊರಳಲ್ಲಿತ್ತು. ನಾಲ್ಕಾರು ದಿನಕ್ಕೆ ಮತ್ತೆ ವಾಂತಿ. ಭಾನುವಾರ ಮೆಟ್ಟಿಲ ಮೇಲೆ ಕುಸಿದಳು. ಈ ಸಲ ನಾಡಿ ಕೈಗೇ ಸಿಗುತ್ತಿರಲಿಲ್ಲ. ನೀನು ಕಳಿಸಿದ ತಂತಿ ಸೋಮವಾರ ಮಧ್ಯಾಹ್ನ ಮುಚ್ಚಿದ ಅಂಗಡಿಗೆ ಬಂತು. ಪಕ್ಕದ ಅಂಗಡಿಯ ಟೈಲರು ತಾನೇ ಸಹಿ ಹಾಕಿ ತೆಗೆದುಕೊಂಡು, ಅಳತೆಪಟ್ಟಿ ಕೊರಳಲ್ಲಿ ನೇತಾಡುತ್ತಿರುವಾಗಲೇ ಆಸ್ಪತ್ರೆಗೆ ಓಡಿಬಂದ. ಆ ಒಂದು ಶಬ್ದ ನೋಡಿದ ಮೇಲೆ ಡಾಕ್ಟರಮ್ಮನಿಗೆ ಏನು ಮಾಡಬೇಕೆಂದು ತಿಳಿಯಿತು. ನಂತರದ ಎರಡು ದಿನಗಳ ಬಗ್ಗೆ ನಾನು ಬರೆಯುವುದಿಲ್ಲ.

ನೀನು ಆಣೆಯಿಟ್ಟು ಬರೆದೆ. ಇಡದಿದ್ದರೆ ನಾನು ಇನ್ನೂ ಅನುಮಾನದಲ್ಲೇ ಇರುತ್ತಿದ್ದೆ. ಆ ಅನುಮಾನ ಅವಳನ್ನು ಕಾಯುತ್ತಿತ್ತು. ಅದನ್ನು ನೀನು ಕಿತ್ತುಕೊಂಡೆ, ನಾನು ನನ್ನ ಕೈಯಾರೆ ಪೀಪಿ ತಂದು ಮಗುವಿನ ಕೈಗಿಟ್ಟೆ.

ನನ್ನ ಪಾಲಿನದನ್ನೂ ಹೇಳಿಬಿಡುತ್ತೇನೆ. ಡಾಕ್ಟರಮ್ಮ, "ಬಣ್ಣ ಬೇರೆ ಥರ ಕಾಣುತ್ತೆ, ಹಳದಿ ಕಾಣುತ್ತೆ ಅಂತೇನಾದ್ರೂ ಹೇಳಿದ್ಲಾ?" ಎಂದು ಕೇಳಿದರು. ಹೇಳಿದ್ದಳು ಎಂದೆ. "ಯಾವಾಗ?" ಮೊದಲ ಸಲವೇ ಎಂದೆ. "ಅದು ಈ ವಿಷದ್ದೇ ಗುರುತು, ಮತ್ತೆ ನನಗ್ಯಾಕೆ ಹೇಳ್ಲಿಲ್ಲ?" "ಕಣ್ಣು ನನ್ನ ಕಸುಬು ಅಂದ್ಕೊಂಡೆ." ಅವರು ನನ್ನನ್ನು ಬೈಯಲಿಲ್ಲ. ನನ್ನ ಮಗಳು ಅಲ್ಲೇ ನಿಂತಿದ್ದಳು.

ಮನೆಗೆ ಬಂದ ಮೇಲೆ ಅವಳು ಮಹಡಿಯ ಬೀರುವಿನ ಮುಂದೆ ನಿಂತು, "ಇವೆಲ್ಲ ಯಾವ ಯಾವ ಮರ ಅಂತ ನಿಮಗೆ ಗೊತ್ತಾ ಅಪ್ಪಾ? ಒಂದೊಂದೂ ಗೊತ್ತಾ?" ಎಂದಳು. ಕೆಲವು ಗೊತ್ತಿಲ್ಲ ಎಂದೆ. ಬಾಗಿಲಿಗೆ ಬೀಗ ಜಡಿದು ಕೀಲಿಕೈ ಅವಳ ಕೈಗೆ ಕೊಟ್ಟಿದ್ದೇನೆ. ಜೀವಮಾನವಿಡೀ ಕೂಡಿಸಿದ್ದು ಒಳಗಿದೆ. ಅದನ್ನು ನೋಡಬೇಕೆಂದು ನನಗೂ ಅನ್ನಿಸುತ್ತಿಲ್ಲ.

ಸದ್ಯ ಪತ್ರ ಬರೆಯಬೇಡ. ಬಂದರೆ ಅವಳು ಒಡೆಯುವುದಿಲ್ಲ, ಹರಿಯುತ್ತಾಳೆ.


ಮೇ ೨೦

ತಂಗಿ,

ಬರೆಯಬೇಡ ಎಂದೆ, ನೀನು ಬರೆಯಲಿಲ್ಲ. ಹುಟ್ಟಿದಾಗಿನಿಂದ ನೀನು ನನ್ನ ಮಾತು ಕೇಳಿದ್ದು ಇದೇ ಮೊದಲು. ಅದಕ್ಕೇ ನನಗೆ ಭಯವಾಗಿದೆ.

ಚೂಟಿ ಶಾಲೆಗೆ ಹೋಗುತ್ತಿದ್ದಾಳೆ. ಮೆಟ್ಟಿಲು ಹತ್ತುವಾಗ ನಡುವೆ ಒಂದು ಸಲ ಕೂರುತ್ತಾಳೆ, ಅದೂ ಹೋಗುತ್ತದಂತೆ. ಮೊನ್ನೆ ಕೇಳಿದಳು, "ಅಜ್ಜಿ ಬೇಕಂತ ಮಾಡಿದ್ರಾ?" ಇಲ್ಲ ಪುಟ್ಟ ಎಂದೆ. "ಹಾಗಾದ್ರೆ ಅಮ್ಮ ಯಾಕೆ ಅಜ್ಜಿ ಹೆಸರು ಹೇಳಿದ್ರೆ ಎದ್ದು ಹೋಗ್ತಾಳೆ?" ಶಾಲೆಗೆ ಹೊತ್ತಾಯಿತು ಎಂದು ಅವಳ ಚೀಲ ಹೆಗಲಿಗೇರಿಸಿದೆ. ಮಗಳಿಗೆ ನಾನು ಏನೂ ಹೇಳಲು ಹೋಗಿಲ್ಲ. ಆ ಎರಡು ದಿನ ಮಂಚದ ಪಕ್ಕ ಕೂತವಳು ಅವಳು. ಅವಳ ಸಿಟ್ಟು ಅವಳ ಹಕ್ಕು.

ನೀನು ಏಪ್ರಿಲಿನ ಕೊನೆಗೆ ಬರೆದ ಎರಡು ಪತ್ರಗಳನ್ನು ಮತ್ತೆ ಓದಿದೆ. ಮೊದಲ ಸಲ ಚೂಟಿಯನ್ನು ಬಿಟ್ಟರೆ ಬೇರೆ ಏನೂ ನನಗೆ ಕಾಣಿಸಿರಲಿಲ್ಲ. ಈಗ ಓದಿದರೆ, ಬರೆದದ್ದಕ್ಕಿಂತ ಬರೆಯದ್ದೇ ಹೆಚ್ಚು ಕಾಣುತ್ತಿದೆ. ಭಾವನನ್ನು ಹೊಸ್ತಿಲಲ್ಲೇ ಬಿಟ್ಟು ಓಡಿದೆ ಎಂದಿದ್ದೀಯ. ಆಮೇಲೆ ಯಾರು ಎತ್ತಿದರು? ದಿನಾ ಯಾರು ಎತ್ತುತ್ತಾರೆ? ಸ್ನಾನ ಯಾರು ಮಾಡಿಸುತ್ತಾರೆ? ಅವರು ನಿನಗಿಂತ ಒಂದೂವರೆ ಪಟ್ಟು ಇದ್ದಾರೆ.

ಇನ್ನೊಂದು. ಒಂದೊಂದು ಪೀಪಿಯನ್ನೂ ಊದಿ ನೋಡುವವಳು ನೀನು. ಚೂಟಿಯ ಬಾಯಿಗೆ ಹೋದದ್ದು ಒಂದು. ನಿನ್ನ ಬಾಯಿಗೆ ಹೋದದ್ದು ಇಡೀ ಶಾಲೆಯದ್ದು. ತಲೆ ಸುತ್ತುತ್ತದೆ, ಹೊಟ್ಟೆ ತೊಳಸುತ್ತದೆ, ಬಿಸಿಲಿಗಿರಬೇಕು ಎಂದು ನೀನು ಮಾರ್ಚಿನಲ್ಲೇ ಬರೆದಿದ್ದೆ. ಅದನ್ನು ಓದಿ ನಾನು ಪುಟ ತಿರುಗಿಸಿದ್ದೆ. ನಿನ್ನ ನಾಡಿಯನ್ನು ಯಾರು ನೋಡಿದರು? ಡಾಕ್ಟರಮ್ಮನನ್ನು ಕೇಳಿದೆ. ಅವರು, "ಅವರು ಹೇಗಿದಾರೆ ಅಂತ ಇಷ್ಟು ದಿನ ಯಾರೂ ಕೇಳ್ಲಿಲ್ವಾ?" ಎಂದರು.

ನಾನು ಬರುತ್ತಿದ್ದೇನೆ. ಒಬ್ಬನೇ. ಅಂಗಡಿಯನ್ನು ಟೈಲರಿಗೆ ಒಪ್ಪಿಸುತ್ತೇನೆ, ಕಿವಿಕಡ್ಡಿ ಬಿಗಿ ಮಾಡುವುದನ್ನು ಕಲಿಸಿದ್ದೇನೆ. ನಿಮ್ಮನ್ನು ಕಟ್ಟಿಕೊಂಡು ಬರಲು ಬರುತ್ತಿಲ್ಲ. ಅಲ್ಲಿಯೇ ಇರಲು ಬರುತ್ತಿದ್ದೇನೆ, ಎಷ್ಟು ದಿನ ಬೇಕೋ ಅಷ್ಟು ದಿನ. ಬೇಡ ಅನ್ನುವುದಿದ್ದರೆ ಬೇಡ ಅನ್ನು. ಆದರೆ ಚೆನ್ನಾಗಿದ್ದೇವೆ ಎಂದು ಮಾತ್ರ ಬರೆಯಬೇಡ. ಮುಂದಿನ ಪತ್ರದಲ್ಲಿ ಆ ಶಬ್ದ ಕಂಡರೆ, ಮಗಳಿಗಿಂತ ಮೊದಲು ನಾನೇ ಹರಿಯುತ್ತೇನೆ.

ಅಣ್ಣ


ಮೇ ೨೬

ಅಣ್ಣ,

ನಾನು ಮಲಗಿಕೊಂಡು ಬರೆಯುತ್ತಿದ್ದೇನೆ. ಶಾಲೆಯ ಜಗಲಿಯಲ್ಲಿ ಬಿದ್ದಿದ್ದೆ, ಕೊನೆಯ ಪೀಪಿ ಸಿಕ್ಕ ದಿನವೇ. ಹೆಡ್‌ಮಿಸ್ ಕೂರಿಸಿದರು ಎಂದು ನಿನಗೆ ಬರೆದೆ, ಆಸ್ಪತ್ರೆಗೆ ಎತ್ತಿಕೊಂಡು ಹೋದರು ಎಂದು ಬರೆಯಲಿಲ್ಲ. ಗೇಟಿನ ಹತ್ತಿರ ನಿಲ್ಲುತ್ತಿದ್ದದ್ದು ಅದಕ್ಕೆ ಮುಂಚೆ, ಆ ಪತ್ರ ಬರೆದದ್ದು ಆಸ್ಪತ್ರೆಯ ಮಂಚದಿಂದ. ವಾರವಿಟ್ಟುಕೊಂಡು ಕಳಿಸಿದರು. ನಾಡಿ ಈಗ ಸರಿಯಿದೆ. ಅಷ್ಟು ದಿನವೂ ಇವರನ್ನು ಹೆಡ್‌ಮಿಸ್ ಮತ್ತು ಆ ಹಲ್ಲಿಲ್ಲದ ಕಾವಲುಗಾರ ನೋಡಿಕೊಂಡರು. ನನ್ನ ಕೆನ್ನೆಗೆ ಹೊಡೆದ ತಾಯಿ ಎರಡು ಸಲ ಊಟ ಕಳಿಸಿದಳು. ಪಾತ್ರೆ ವಾಪಸು ಕೊಡಲು ಹೋಗುವ ಧೈರ್ಯ ನನಗೆ ಇನ್ನೂ ಬಂದಿಲ್ಲ.

ಕೇಳಿದ್ದಕ್ಕೆಲ್ಲ ಉತ್ತರ ಬರೆಯುತ್ತೇನೆ. ಆ ದಿನ ಇವರನ್ನು ಹೊಸ್ತಿಲಿಂದ ಎತ್ತಿದವಳೂ ನಾನೇ, ದಿನಾ ಎತ್ತುವವಳೂ ನಾನೇ. ಬೆಳಿಗ್ಗೆ ಎತ್ತುವಾಗ ಸೊಂಟ ಹಿಡಿಯುತ್ತದೆ, ಮಧ್ಯಾಹ್ನದವರೆಗೂ ಬಿಡುವುದಿಲ್ಲ. ಎರಡು ಸಲ ಕೈಜಾರಿ ಬೀಳಿಸಿದ್ದೇನೆ. ಒಂದು ಸಲ ಸಿಟ್ಟಿನಲ್ಲಿ, ಬಿದ್ದಲ್ಲೇ ಬಿಟ್ಟು ಹಿತ್ತಿಲಿಗೆ ಹೋಗಿ ಕೂತಿದ್ದೆ. ಸ್ನಾನ ವಾರಕ್ಕೆ ಎರಡು ಸಲ, ಅದೂ ಅರ್ಧಂಬರ್ಧ. ಇವರಿಗೆ ಮಾತು ಬರುವುದಿಲ್ಲ, ನನಗೆ ಮಾತಾಡಲು ಬೇರೆ ಯಾರೂ ಇಲ್ಲ. ಸಂಜೆಯಾದರೆ ಹೆದರಿಕೆಯಾಗುತ್ತದೆ.

ನೀನು ಬರುವುದನ್ನು ಇವರಿಗೆ ಓದಿ ಹೇಳಿದೆ. ಬಹಳ ಹೊತ್ತು ಗೋಡೆಯತ್ತ ಮುಖ ಮಾಡಿಕೊಂಡು ಮಲಗಿದ್ದರು. ನೀನು ಅವರನ್ನು ಈ ಸ್ಥಿತಿಯಲ್ಲಿ ನೋಡುವುದು ಅವರಿಗೆ ಬೇಡ ಅನ್ನಿಸಿದೆ. ನನಗೂ ಬೇಡವೆಂದೇ ಇತ್ತು.

ಮನೆಯಲ್ಲಿರುವುದು ಒಂದೇ ಮಂಚ. ನೀನು ನೆಲದ ಮೇಲೆ ಮಲಗಬೇಕು. ಚಾಪೆ ಹರಿದಿದೆ, ದಪ್ಪ ಹೊದಿಕೆ ತಾ. ನೀರು ದೂರದ ನಲ್ಲಿಯಿಂದ ಹೊರಬೇಕು. ನಿನ್ನ ಮಗಳಿಗೆ ನನ್ನ ಪರವಾಗಿ ಏನನ್ನೂ ಹೇಳಬೇಡ.

ಬೇಗ ಬಾ.

ತಂಗಿ